ಒಟ್ಟು ತೂಕ ಸರಿಯಿದ್ದರೂ ಆಕ್ಸಲ್ ದಂಡ ಯಾಕೆ? ಟ್ರೇಲರ್ ಲೋಡಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೆಳಗಿನ ಲೆಕ್ಕಗಳಿಗೆಲ್ಲ ಒಂದೇ ಮಾದರಿ ಗಾಡಿ ಇಟ್ಟುಕೊಂಡಿದ್ದೇವೆ. ಎರಡು ಆಕ್ಸಲ್‌ನ ಹಾರ್ಸ್ (ಟ್ರೇಲರ್ ಎಳೆಯುವ ಮುಂದಿನ ಎಂಜಿನ್ ಗಾಡಿ), ಅದರ ಹಿಂದೆ ಮೂರು ಆಕ್ಸಲ್‌ನ 13.6 ಮೀಟರ್ ಟ್ರೇಲರ್. ಕಿಂಗ್ ಪಿನ್, ಅಂದರೆ ಟ್ರೇಲರ್ ಅನ್ನು ಹಾರ್ಸ್‌ಗೆ ಜೋಡಿಸುವ ಗೂಟ, ಟ್ರೇಲರ್‌ನ ಮುಂದಿನ ಗೋಡೆಯಿಂದ 1.6 ಮೀಟರ್ ಒಳಗಿದೆ. ಕಿಂಗ್ ಪಿನ್‌ನಿಂದ ಹಿಂದಿನ ಮೂರು ಆಕ್ಸಲ್‌ಗಳ ನಡುಬಿಂದುವಿಗೆ 7.7 ಮೀಟರ್. ಹಾರ್ಸ್‌ನ ವೀಲ್‌ಬೇಸ್ (ಅದರ ಮುಂದಿನ ಹಿಂದಿನ ಆಕ್ಸಲ್‌ಗಳ ನಡುವಿನ ದೂರ) 3.6 ಮೀಟರ್, ಕಿಂಗ್ ಪಿನ್ ಕೂರುವ ತಟ್ಟೆಯಾದ ಫಿಫ್ತ್ ವೀಲ್ ಇರುವುದು ಡ್ರೈವ್ ಆಕ್ಸಲ್‌ಗಿಂತ (ಎಂಜಿನ್ ತಿರುಗಿಸುವ ಹಿಂದಿನ ಆಕ್ಸಲ್) 0.6 ಮೀಟರ್ ಮುಂದೆ. ಖಾಲಿ ಗಾಡಿಯ ತೂಕ: ಸ್ಟೀರಿಂಗ್ ಆಕ್ಸಲ್ 5.5 ಟನ್, ಡ್ರೈವ್ 3.5, ಟ್ರೇಲರ್ ಆಕ್ಸಲ್‌ಗಳು ಒಟ್ಟಾಗಿ 5.2. ಮಿತಿ ಕ್ರಮವಾಗಿ 7.5, 11.5, 24, ಒಟ್ಟು ಗಾಡಿಗೆ 40. ನಿಮ್ಮ ಗಾಡಿಯ ಅಳತೆ ಬೇರೆ ಇರುತ್ತದೆ. ಟೇಪ್ ಹಿಡಿದು ಅಳೆದು ನಿಮ್ಮ ಅಂಕಿ ಹಾಕಿಕೊಳ್ಳಿ, ಲೆಕ್ಕದ ದಾರಿ ಇದೇ.

## ಮೊದಲ ಪ್ರಶ್ನೆಗಳು

ಒಟ್ಟು ತೂಕ ಸರಿ ಇದೆ, ಕಾಟಾ (ಗಾಡಿ ತೂಗುವ ಯಂತ್ರ) ಚೀಟಿನೂ ಇದೆ. ಆದರೂ ಓವರ್‌ಲೋಡ್ ಅಂತಾರಲ್ಲ, ಹೇಗೆ?

ಕಾನೂನು ಎರಡು ಬೇರೆ ಬೇರೆ ತೂಕ ನೋಡುತ್ತದೆ: ಇಡೀ ಗಾಡಿಯದು ಒಂದು, ಪ್ರತಿ ಆಕ್ಸಲ್ ಅಥವಾ ಆಕ್ಸಲ್ ಗುಂಪಿನದು ಇನ್ನೊಂದು. ಎರಡರಲ್ಲಿ ಒಂದು ಮೀರಿದರೂ ತಪ್ಪೇ. ಮಾದರಿ ಗಾಡಿಗೆ 25 ಟನ್ ಸಾಮಾನು ಹಾಕಿದರೆ ಒಟ್ಟು 39.2 ಟನ್, ಮಿತಿಯ ಒಳಗೇ. ಆದರೆ ಆ ಸಾಮಾನನ್ನು 10 ಮೀಟರ್ ಉದ್ದಕ್ಕೆ ಜೋಡಿಸಿ ಮುಂದಿನ ಗೋಡೆಗೆ ಒತ್ತಿ ಇಟ್ಟರೆ ಡ್ರೈವ್ ಆಕ್ಸಲ್ ಮೇಲೆ 15.1 ಟನ್ ಕೂರುತ್ತದೆ. ಮಿತಿಗಿಂತ 3.6 ಟನ್ ಜಾಸ್ತಿ. ಹಿಂದೆ ಟ್ರೇಲರ್ ಆಕ್ಸಲ್‌ಗಳ ಮೇಲೆ ಬರೀ 16.2 ಟನ್, ಅಲ್ಲಿ ಎಂಟು ಟನ್‌ಗೆ ಜಾಗ ಖಾಲಿ ಬಿದ್ದಿದೆ. ಒಂದು ಮೂಟೆ ಕೂಡ ಜಾಸ್ತಿ ಹಾಕಿಲ್ಲ, ಇಟ್ಟ ಜಾಗ ಮಾತ್ರ ತಪ್ಪು. ಒಟ್ಟು ತೂಕ ಮಾತ್ರ ಬರೆದಿರುವ ಕಾಟಾ ಚೀಟಿ ಇದನ್ನು ತೋರಿಸುವುದೇ ಇಲ್ಲ.

ಅರ್ಧ ಟನ್ ಆ ಕಡೆ ಈ ಕಡೆ ಆದ್ರೆ ಏನಾಗುತ್ತೆ, ರಸ್ತೆ ಕುಸಿದು ಹೋಗುತ್ತಾ?

ಕುಸಿಯುವುದಿಲ್ಲ, ಆದರೆ ಸವೆತ ತೂಕದ ಜೊತೆ ಸಮಸಮನಾಗಿ ಏರುವುದಿಲ್ಲ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ನಡೆದ ಆಶೋ (ಅಲ್ಲಿನ ರಾಜ್ಯ ಹೆದ್ದಾರಿ ಅಧಿಕಾರಿಗಳ ಸಂಘ) ರಸ್ತೆ ಪರೀಕ್ಷೆಯಿಂದ ಬಂದ ಅಂದಾಜು ಸೂತ್ರದ ಪ್ರಕಾರ ರಸ್ತೆಯ ಸವೆತ ಆಕ್ಸಲ್ ತೂಕದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಆಕ್ಸಲ್ ಮೇಲೆ ಶೇ 10 ಜಾಸ್ತಿಯಾದರೆ ಸವೆತ ಸುಮಾರು ಒಂದೂವರೆ ಪಟ್ಟು, ಶೇ 20 ಜಾಸ್ತಿಯಾದರೆ ಎರಡು ಪಟ್ಟು. ಇಡೀ ಗಾಡಿಯ ತೂಕದ ಜೊತೆಗೆ ಒಂದೊಂದು ಆಕ್ಸಲ್‌ನ ತೂಕವನ್ನೂ ನೋಡುವುದು ಇದಕ್ಕೇ.

ಗಾಡಿಗೂ ಪೆಟ್ಟು ಇದೆ: ಟೈರ್ ಬಿಸಿಯಾಗುತ್ತದೆ, ಸ್ಪ್ರಿಂಗ್ ಪಟ್ಟಿ ಮುರಿಯುತ್ತದೆ, ವೀಲ್ ಬೇರಿಂಗ್ ಬೇಗ ಹೋಗುತ್ತದೆ.

ನನ್ನ ಗಾಡಿ ಆಕ್ಸಲ್‌ಗೆ ಮಿತಿ ಎಷ್ಟು ಅಂತ ಎಲ್ಲಿ ನೋಡ್ಬೇಕು?

ಮೂರು ಕಡೆ ನೋಡಿ, ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ. ಒಂದು, ಆ ದೇಶದ ಕಾನೂನು. ಎರಡು, ಗಾಡಿಯ ಆರ್‌ಸಿ ಮತ್ತು ಕಂಪನಿ ಹೊಡೆದ ತಗಡಿನ ಫಲಕ. ಮೂರು, ಟೈರ್‌ನ ಪಕ್ಕದಲ್ಲಿ ಅಚ್ಚಾಗಿರುವ ಲೋಡ್ ಇಂಡೆಕ್ಸ್ (ಆ ಟೈರ್ ಎಷ್ಟು ಹೊರಬಲ್ಲದು ಅನ್ನುವ ಸಂಕೇತ ಅಂಕಿ). ಜೋಡಿ ಟೈರ್‌ಗೆ ಅದರಲ್ಲಿ ಬೇರೆ, ಸ್ವಲ್ಪ ಕಡಿಮೆ ಅಂಕಿ ಇರುತ್ತದೆ.

ಭಾರತದಲ್ಲಿ 2018ರ ಜುಲೈನ ಅಧಿಸೂಚನೆಯ ನಂತರ ಎರಡು ಟೈರ್‌ನ ಸ್ಟೀರಿಂಗ್ ಆಕ್ಸಲ್‌ಗೆ 7 ಟನ್, ನಾಲ್ಕು ಟೈರ್‌ನ ಒಂಟಿ ಆಕ್ಸಲ್‌ಗೆ 11.5, ಟ್ಯಾಂಡೆಮ್‌ಗೆ (ಹತ್ತಿರ ಹತ್ತಿರದ ಎರಡು ಆಕ್ಸಲ್ ಗುಂಪು) 21, ಮೂರು ಆಕ್ಸಲ್ ಗುಂಪಿಗೆ 27 ಟನ್. ಮೂರು ಆಕ್ಸಲ್ ಹಾರ್ಸ್, ಮೂರು ಆಕ್ಸಲ್ ಟ್ರೇಲರ್ ಆದರೆ 7, 21, 27 ಕೂಡಿ 55 ಟನ್. ಯುರೋಪಿನ 96/53 ನಿರ್ದೇಶನದಲ್ಲಿ ಡ್ರೈವ್ ಆಕ್ಸಲ್‌ಗೆ 11.5 ಟನ್. ಟ್ರೇಲರ್‌ನ ಮೂರು ಆಕ್ಸಲ್‌ಗಳ ನಡುವಿನ ಅಂತರ 1.3 ಮೀಟರ್ ಅಥವಾ ಕಡಿಮೆಯಿದ್ದರೆ ಗುಂಪಿಗೆ 21, ಅದಕ್ಕಿಂತ ಜಾಸ್ತಿ 1.4ರವರೆಗೆ 24 ಟನ್. ಅಮೆರಿಕದ ಅಂತರರಾಜ್ಯ ಹೆದ್ದಾರಿಗಳಲ್ಲಿ ಒಂಟಿ ಆಕ್ಸಲ್‌ಗೆ 20,000 ಪೌಂಡ್, ಟ್ಯಾಂಡೆಮ್‌ಗೆ 34,000, ಒಟ್ಟು 80,000. ಅಂದರೆ ಸುಮಾರು 9.1, 15.4 ಮತ್ತು 36.3 ಟನ್. ಅದರ ಮೇಲೆ ಆಕ್ಸಲ್‌ಗಳ ನಡುವಿನ ದೂರ ನೋಡುವ ಸೇತುವೆ ಸೂತ್ರವೂ ಅಲ್ಲಿ ಇದೆ. ಒಂದು ಕಡೆಯ ಅಂಕಿಯನ್ನು ಇನ್ನೊಂದು ಕಡೆಗೆ ಒಯ್ಯಬೇಡಿ.

ದಂಡ ಯಾರಿಗೆ? ಡ್ರೈವರ್‌ಗಾ, ಓನರ್‌ಗಾ, ಲೋಡ್ ಹಾಕಿಸಿದವರಿಗಾ?

ದೇಶದಿಂದ ದೇಶಕ್ಕೆ ಬೇರೆ. ಭಾರತದ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಗಾಡಿ ಓಡಿಸಿದವರನ್ನೂ ಹಿಡಿಯುತ್ತದೆ, ಹಾಗೆ ಓಡಿಸಲು ಕಾರಣರಾದವರು ಮತ್ತು ಬಿಟ್ಟವರನ್ನೂ ಹಿಡಿಯುತ್ತದೆ. 2019ರ ಸೆಪ್ಟೆಂಬರ್‌ನಿಂದ ಮೂಲ ದಂಡ 20,000 ರೂಪಾಯಿ, ಜಾಸ್ತಿಯಾದ ಪ್ರತಿ ಟನ್‌ಗೆ 2,000 ರೂಪಾಯಿ, ಇಳಿಸುವ ಖರ್ಚು ಬೇರೆ. ಹೆಚ್ಚುವರಿ ಲೋಡ್ ಇಳಿಸುವ ತನಕ ಗಾಡಿ ಕದಲುವಂತಿಲ್ಲ. ದಂಡಕ್ಕಿಂತ ದೊಡ್ಡ ಹೊಡೆತ ಇದೇ: ದಾರಿ ನಡುವೆ ಇನ್ನೊಂದು ಗಾಡಿ, ಹಮಾಲರು, ಕಾಯುವ ದಿನ. ತೂಕಕ್ಕೆ ಗಾಡಿ ನಿಲ್ಲಿಸದಿದ್ದರೆ, ಅಥವಾ ತೂಕ ಆಗುವ ಮುಂಚೆ ಸಾಮಾನು ಇಳಿಸಿದರೆ 40,000 ರೂಪಾಯಿ. ತೂಕದ ಕೇಂದ್ರ ಹತ್ತಿರ ಬಂತೆಂದು ಪಕ್ಕಕ್ಕೆ ನಿಲ್ಲಿಸಿ ಹತ್ತು ಮೂಟೆ ಇಳಿಸುವ ಉಪಾಯ ಎರಡರಷ್ಟು ದುಬಾರಿ.

## ತೂಕ ತೆಗೆಯುವುದು

ಸಾದಾ ಕಾಟಾದಲ್ಲಿ ಒಂದೊಂದೇ ಆಕ್ಸಲ್ ತೂಕ ತೆಗೆಯೋದು ಹೇಗೆ?

ಮೂರು ಸಲ ನಿಲ್ಲಿಸಬೇಕು. ಮೊದಲು ಸ್ಟೀರಿಂಗ್ ಆಕ್ಸಲ್ ಮಾತ್ರ ಕಾಟಾದ ಮೇಲೆ ಹತ್ತಿಸಿ ತೂಕ ಬರೆಸಿ. ಸ್ವಲ್ಪ ಮುಂದೆ ಹೋಗಿ ಹಾರ್ಸ್‌ನ ಎಲ್ಲ ಆಕ್ಸಲ್ ಹತ್ತಿಸಿ. ಆಮೇಲೆ ಇಡೀ ಗಾಡಿ. ಎರಡನೆಯದರಿಂದ ಮೊದಲನೆಯದು ಕಳೆದರೆ ಡ್ರೈವ್, ಮೂರನೆಯದರಿಂದ ಎರಡನೆಯದು ಕಳೆದರೆ ಟ್ರೇಲರ್ ಗುಂಪು. ಇಡೀ ಗಾಡಿ ಹಿಡಿಸದಷ್ಟು ಕಾಟಾ ಚಿಕ್ಕದಾದರೆ ಹಾರ್ಸ್ ಕೆಳಗಿಳಿಸಿ ಟ್ರೇಲರ್ ಆಕ್ಸಲ್‌ಗಳನ್ನು ಮಾತ್ರ ತೂಗಿ.

ಒಂದು ಷರತ್ತು: ಕಾಟಾದ ಮುಂದೆ ಹಿಂದೆ ನೆಲ ಕಾಟಾದ ಮಟ್ಟಕ್ಕೇ ಇರಬೇಕು. ಇಳಿಜಾರಿದ್ದರೆ ಒಂದು ಆಕ್ಸಲ್ ಮೇಲೆ, ಇನ್ನೊಂದು ಕೆಳಗೆ ನಿಂತು ಅಂಕಿ ಸುಳ್ಳು ಹೇಳುತ್ತದೆ. ನಿಂತ ಮೇಲೆ ಗಾಡಿ ಉರುಳದಂತೆ ಚಕ್ರಕ್ಕೆ ಅಡೆ ಕೊಟ್ಟು ಬ್ರೇಕ್ ಬಿಡಿ. ಬ್ರೇಕ್ ಹಿಡಿದಿದ್ದರೆ ಸಸ್ಪೆನ್ಷನ್ ಸೆಟೆದುಕೊಂಡು ಪಕ್ಕದ ಆಕ್ಸಲ್‌ನ ತೂಕ ಇದಕ್ಕೆ, ಇದರದ್ದು ಪಕ್ಕಕ್ಕೆ ಹೋಗುತ್ತದೆ.

ಖಾಲಿ ಗಾಡಿಯನ್ನೂ ಹೀಗೆ ಒಂದು ಸಲ ತೂಗಿ, ಚೀಟಿಯನ್ನು ಕ್ಯಾಬಿನ್‌ನಲ್ಲಿ ಇಡಿ. ಟ್ಯಾಂಕ್ ತುಂಬಿರಲಿ, ಸ್ಟೆಪ್ನಿ, ತಾಡಪಾಲು, ಚೈನು, ಡ್ರೈವರ್ ಎಲ್ಲ ಮೇಲೇ ಇರಲಿ. ಡೀಸೆಲ್ ಲೀಟರ್‌ಗೆ ಸುಮಾರು 0.84 ಕೆ.ಜಿ., 400 ಲೀಟರ್ ಅಂದರೆ 335 ಕೆ.ಜಿ. ಟ್ಯಾಂಕ್ ಖಾಲಿ ಇಟ್ಟು ತೂಗಿದವರು ಈ ತೂಕವನ್ನು ಬಂಕ್‌ನಿಂದ ಹೊರಟ ಮೇಲೆ ಕಂಡುಕೊಳ್ಳುತ್ತಾರೆ.

ಒಂದು ಕಾಟಾದಲ್ಲಿ ಒಂದು ತೂಕ, ಮುಂದೆ ಚೆಕ್‌ಪೋಸ್ಟ್‌ನಲ್ಲಿ ಇನ್ನೊಂದು. ಯಾವುದನ್ನ ನಂಬೋದು?

ಒಟ್ಟು ತೂಕದಲ್ಲಿ ವ್ಯತ್ಯಾಸ ಕಡಿಮೆ ಇರಬೇಕು. ಆಕ್ಸಲ್ ತೂಕದಲ್ಲಿ ನೂರಿನ್ನೂರು ಕೆ.ಜಿ. ಓಲಾಡುವುದು ಮಾಮೂಲು. ಓಡುತ್ತಿರುವಾಗಲೇ ತೂಗುವ ಕಾಟಾದ ಮೇಲೆ ಬ್ರೇಕ್ ತುಳಿದರೆ ಭಾರ ಮುಂದಕ್ಕೆ ಬಾಗಿ ಸ್ಟೀರಿಂಗ್ ಮತ್ತು ಡ್ರೈವ್ ಆಕ್ಸಲ್‌ನಲ್ಲಿ ಕಾಣಿಸುತ್ತದೆ. ಎಕ್ಸಲರೇಟರ್ ಒತ್ತಿದರೆ ಹಿಂದಕ್ಕೆ. ಅಲ್ಲಿ ಬರೆದಿರುವ ವೇಗಕ್ಕೆ ಮುಂಚೆಯೇ ಇಳಿದು, ಒಂದೇ ಗೇರ್‌ನಲ್ಲಿ, ಒಂದೇ ವೇಗದಲ್ಲಿ ದಾಟಿ.

ಪ್ರತಿ ಆಕ್ಸಲ್‌ನಲ್ಲಿ ಮಿತಿಯ ಶೇ 3ರಿಂದ 5ರಷ್ಟು ಕೈಯಲ್ಲಿ ಉಳಿಸಿಕೊಳ್ಳಿ. ಡ್ರೈವ್‌ನಲ್ಲಿ 11.5ರ ಬದಲು 11.0ಕ್ಕೆ ಲೆಕ್ಕ ಹಾಕಿ. ಮಳೆಗೆ ನೆನೆದ ಹಲಗೆ, ಚಾಸಿಗೆ ಮೆತ್ತಿದ ಕೆಸರು, ಕಾಟಾದ ತಪ್ಪು, ಎಲ್ಲಕ್ಕೂ ಆ ಅರ್ಧ ಟನ್ ಸಾಕು. ಕಾನೂನಿನಲ್ಲಿ ರಿಯಾಯಿತಿ ಇದ್ದರೂ ಅದು ಯಂತ್ರದ ತಪ್ಪಿಗೆಂದು ಕೊಟ್ಟದ್ದು, ಲೋಡ್‌ಗೆ ಅಲ್ಲ.

ಏರ್ ಸಸ್ಪೆನ್ಷನ್ ಮೀಟರ್ ನೋಡಿ ತೂಕ ಹೇಳಬಹುದಾ?

ಹೇಳಬಹುದು, ಮೊದಲು ಒಂದು ಸಲ ಹೊಂದಿಸಿಕೊಂಡಿದ್ದರೆ. ಖಾಲಿ ಇದ್ದಾಗ ಕಾಟಾದ ತೂಕ ಮತ್ತು ಬೆಲೋದ (ಸ್ಪ್ರಿಂಗ್ ಬದಲು ಇರುವ ಗಾಳಿ ಚೀಲ) ಒತ್ತಡ ಎರಡೂ ಬರೆದುಕೊಳ್ಳಿ. ಪೂರ್ತಿ ಲೋಡ್ ಆದಾಗ ಮತ್ತೆ ಎರಡೂ. ಡ್ರೈವ್ 3.5 ಟನ್ ಇದ್ದಾಗ ಮೀಟರ್ 1 ಬಾರ್, 11.5 ಟನ್ ಇದ್ದಾಗ 5 ಬಾರ್ ತೋರಿಸಿತು ಅನ್ನಿ. ನಾಲ್ಕು ಬಾರ್‌ಗೆ ಎಂಟು ಟನ್, ಅಂದರೆ ಬಾರ್‌ಗೆ ಎರಡು ಟನ್. ಮುಂದೆ ಒಂದು ದಿನ 4.2 ಬಾರ್ ಕಂಡರೆ 9.9 ಟನ್.

ಸಮ ನೆಲ, ಮಾಮೂಲು ಎತ್ತರ, ಬ್ರೇಕ್ ಬಿಟ್ಟ ಸ್ಥಿತಿ, ಈ ಮೂರೂ ಇದ್ದಾಗ ಮಾತ್ರ ಓದಿ. ಲೋಡಿಂಗ್ ಡಾಕ್‌ನಲ್ಲಿ ಎತ್ತರ ಏರಿಳಿಸಿದ ತಕ್ಷಣ ಓದಿದರೆ ತಪ್ಪಾಗುತ್ತದೆ. ಪಟ್ಟಿ ಇರುವ ಸ್ಟೀರಿಂಗ್ ಆಕ್ಸಲ್‌ಗೆ ಈ ಮೀಟರ್ ಇರುವುದಿಲ್ಲ, ಅದಕ್ಕೆ ಕಾಟಾನೇ ಗತಿ.

## ಸಾಮಾನು ಇಡುವುದು

ಸಾಮಾನು ಎಲ್ಲಿಂದ ಎಲ್ಲಿವರೆಗೆ ಇಡಬೇಕು ಅಂತ ಮೊದಲೇ ಲೆಕ್ಕ ಹಾಕೋಕೆ ಆಗುತ್ತಾ?

ಆಗುತ್ತದೆ, ಫೋನಿನ ಕ್ಯಾಲ್ಕುಲೇಟರ್ ಸಾಕು. ಟ್ರೇಲರ್ ಅನ್ನು ಎರಡು ಕಡೆ ಆಧಾರ ಇರುವ ಹಲಗೆ ಅಂದುಕೊಳ್ಳಿ: ಒಂದು ಆಧಾರ ಕಿಂಗ್ ಪಿನ್, ಇನ್ನೊಂದು ಹಿಂದಿನ ಆಕ್ಸಲ್ ಗುಂಪಿನ ನಡುಬಿಂದು.

ಸಾಮಾನಿನ ತೂಕವನ್ನು, ಕಿಂಗ್ ಪಿನ್‌ನಿಂದ ಸಾಮಾನಿನ ಭಾರದ ನಡುವಿಗೆ ಇರುವ ದೂರದಿಂದ ಗುಣಿಸಿ, 7.7ರಿಂದ ಭಾಗಿಸಿ. ಬಂದದ್ದು ಟ್ರೇಲರ್ ಆಕ್ಸಲ್‌ಗಳ ಪಾಲು, ಉಳಿದದ್ದು ಕಿಂಗ್ ಪಿನ್ ಪಾಲು. ಕಿಂಗ್ ಪಿನ್ ಪಾಲಿನಲ್ಲಿ 0.6 ಭಾಗಿಸು 3.6, ಅಂದರೆ ಆರನೇ ಒಂದು ಭಾಗ ಸ್ಟೀರಿಂಗ್‌ಗೆ, ಆರರಲ್ಲಿ ಐದು ಡ್ರೈವ್‌ಗೆ. ಕೊನೆಗೆ ಖಾಲಿ ತೂಕ ಕೂಡಿಸಿ.

25 ಟನ್ ಇಡೀ 13.6 ಮೀಟರ್‌ಗೆ ಸಮನಾಗಿ ಹರಡಿದರೆ ಭಾರದ ನಡು ಗೋಡೆಯಿಂದ 6.8, ಕಿಂಗ್ ಪಿನ್‌ನಿಂದ 5.2 ಮೀಟರ್. ಟ್ರೇಲರ್‌ಗೆ 16.9, ಕಿಂಗ್ ಪಿನ್‌ಗೆ 8.1. ಖಾಲಿ ತೂಕ ಸೇರಿಸಿದರೆ ಸ್ಟೀರಿಂಗ್ 6.85, ಡ್ರೈವ್ 10.25, ಟ್ರೇಲರ್ 22.1. ಎಲ್ಲವೂ ಒಳಗೆ.

ಈಗ ಅದನ್ನೇ ತಿರುಗಿಸಿ. ಡ್ರೈವ್ 11.5 ದಾಟಬಾರದೆಂದರೆ ಕಿಂಗ್ ಪಿನ್ ಪಾಲು 9.6 ಟನ್ ದಾಟಬಾರದು. ಟ್ರೇಲರ್ 24 ದಾಟಬಾರದೆಂದರೆ ಕಿಂಗ್ ಪಿನ್ ಪಾಲು 6.2ಕ್ಕಿಂತ ಇಳಿಯಬಾರದು. ಅಂದರೆ 25 ಟನ್‌ನ ಭಾರದ ನಡು ಗೋಡೆಯಿಂದ 6.35 ಮತ್ತು 7.4 ಮೀಟರ್‌ಗಳ ನಡುವೆ ಬೀಳಬೇಕು. ಇಷ್ಟು ಉದ್ದದ ಟ್ರೇಲರ್‌ನಲ್ಲಿ ನಿಮಗೆ ಸಿಗುವುದು ಒಂದು ಮೀಟರ್ ಚಿಲ್ಲರೆ ಜಾಗ, ಅಷ್ಟೆ. ಟ್ರೇಲರ್‌ನ ಪಕ್ಕದ ಕಬ್ಬಿಣದ ಮೇಲೆ ಈ ಎರಡು ಬಿಂದುಗಳಿಗೆ ಬಣ್ಣದ ಗೆರೆ ಎಳೆದಿಟ್ಟರೆ ಫೋರ್ಕ್‌ಲಿಫ್ಟ್ ಓಡಿಸುವವನಿಗೆ ಲೆಕ್ಕ ವಿವರಿಸಬೇಕಾಗಿಲ್ಲ. ಲೋಡ್ ಕಡಿಮೆಯಾದಷ್ಟೂ ಈ ಜಾಗ ಅಗಲವಾಗುತ್ತದೆ.

ಸಾಮಾನು ಮುಂದಿನ ಗೋಡೆಗೆ ತಾಗಿಸಿ ಇಡು ಅಂತ ಎಲ್ರೂ ಹೇಳ್ತಾರೆ. ನೀವು ಜಾಗ ಬಿಡು ಅಂತೀರಾ?

ಭಾರವಾದ, ಉದ್ದ ಕಡಿಮೆ ಇರುವ ಲೋಡ್‌ಗೆ ಹೌದು. ಮೇಲಿನ 10 ಮೀಟರ್, 25 ಟನ್ ಲೋಡ್‌ಗೆ ಗೋಡೆಯಿಂದ 1.35ರಿಂದ 2.4 ಮೀಟರ್ ಬಿಡಬೇಕು, 1.9 ಬಿಟ್ಟರೆ ಎರಡೂ ಕಡೆ ಉಸಿರಾಡಲು ಜಾಗ.

ಗೋಡೆಗೆ ತಾಗಿಸು ಅನ್ನುವ ಮಾತು ಸುಮ್ಮನೆ ಹುಟ್ಟಿದ್ದಲ್ಲ, ಜೋರು ಬ್ರೇಕ್ ಹಾಕಿದಾಗ ಸಾಮಾನು ಮುಂದೆ ನುಗ್ಗದಂತೆ ತಡೆಯುವುದು ಆ ಗೋಡೆಯೇ. ಯುರೋಪಿನ 12195-1 ಮಾನದಂಡದ ಪ್ರಕಾರ ಕಟ್ಟು ಮುಂದಕ್ಕೆ ಸಾಮಾನಿನ ತೂಕದ 0.8 ಪಾಲು, ಪಕ್ಕಕ್ಕೆ ಮತ್ತು ಹಿಂದಕ್ಕೆ 0.5 ಪಾಲು ಬಲ ತಡೆಯಬೇಕು. 25 ಟನ್‌ಗೆ ಮುಂದಕ್ಕೆ 20 ಟನ್ ತೂಕದಷ್ಟು ಬಲ. ಬಿಟ್ಟ ಜಾಗಕ್ಕೆ ಖಾಲಿ ಪ್ಯಾಲೆಟ್‌ಗಳನ್ನು ನಿಲ್ಲಿಸಿ ಬಿಗಿಯಾಗಿ ತುಂಬಿಸಿ, ಅಥವಾ ನೆಲಕ್ಕೆ ಅಡ್ಡ ದಿಮ್ಮಿ ಹೊಡೆದು ಅಡೆ ಕೊಡಿ. ಕೆಳಗೆ ರಬ್ಬರ್ ಮ್ಯಾಟ್, ಮುಂದಿನಿಂದ ಹಿಂದಕ್ಕೆ ಎಳೆಯುವ ಚೈನ್ ಹಾಕಿ. ಬರೀ ಮೇಲಿನಿಂದ ಬೆಲ್ಟ್ ಹಾಯಿಸಿ ಜಾಗ ಬಿಟ್ಟರೆ ಆಕ್ಸಲ್ ಉಳಿದೀತು, ಕ್ಯಾಬಿನ್ ಉಳಿಯುವುದಿಲ್ಲ.

ಹಾಗಾದ್ರೆ ಹಿಂದಕ್ಕೇ ತಳ್ಳಿ ಇಟ್ಟರೆ ಸೇಫ್ ಅಲ್ವಾ?

ಅಲ್ಲ. ಹಿಂದಿನ ಆಕ್ಸಲ್ ಗುಂಪಿನ ನಡುಬಿಂದುವಿಗಿಂತ ಆಚೆ ಇಟ್ಟ ಪ್ರತಿ ಕಿಲೋ ಕಿಂಗ್ ಪಿನ್ ಅನ್ನು ಮೇಲಕ್ಕೆ ಎತ್ತುತ್ತದೆ. ಡ್ರೈವ್ ಆಕ್ಸಲ್ ಹಗುರಾದರೆ ಒದ್ದೆ ಏರಿನಲ್ಲಿ ಚಕ್ರ ಸುಮ್ಮನೆ ಸುತ್ತುತ್ತದೆ, ತಿರುವಿನಲ್ಲಿ ಸ್ಟೀರಿಂಗ್ ಹಿಡಿತ ಬಿಡುತ್ತದೆ. ಯುರೋಪಿನಲ್ಲಿ ದೇಶದಿಂದ ದೇಶಕ್ಕೆ ಹೋಗುವ ಗಾಡಿಯ ಡ್ರೈವ್ ಆಕ್ಸಲ್ ಮೇಲೆ ಒಟ್ಟು ತೂಕದ ಕನಿಷ್ಠ ಶೇ 25 ಇರಲೇಬೇಕು.

ಅರ್ಧ ಲೋಡ್ ಇಳಿಸಿದ ಮೇಲೆ ಓವರ್‌ಲೋಡ್ ಬಂತು. ಕಾಟಾನೇ ಕೆಟ್ಟಿರಬೇಕು ಅಲ್ವಾ?

ಕಾಟಾ ಸರಿಯಾಗಿಯೇ ಇದೆ. ಅನುಭವಸ್ಥರೂ ಎಡವುವ ಜಾಗ ಇದು, ಯಾಕೆಂದರೆ ಇಳಿಸಿದ ಮೇಲೆ ತೂಕ ಏರುತ್ತದೆ ಅನ್ನುವುದು ತಲೆಗೆ ಹೋಗುವುದಿಲ್ಲ.

25 ಟನ್ ಸಮನಾಗಿ ತುಂಬಿದ ಮಾದರಿ ಗಾಡಿ ತೆಗೆದುಕೊಳ್ಳಿ. 33 ಪ್ಯಾಲೆಟ್, ಒಂದೊಂದು ಸುಮಾರು 760 ಕೆ.ಜಿ. ಮೊದಲ ಅಂಗಡಿಯಲ್ಲಿ ಹಿಂಬಾಗಿಲಿನಿಂದ 11 ಪ್ಯಾಲೆಟ್, ಅಂದರೆ 8.3 ಟನ್ ಇಳಿಸಿದಿರಿ. ಆ ಸಾಮಾನಿನ ನಡು ಕಿಂಗ್ ಪಿನ್‌ನಿಂದ 9.7 ಮೀಟರ್ ದೂರ ಇತ್ತು, ಹಿಂದಿನ ಆಕ್ಸಲ್ ಗುಂಪಿನ ನಡುವಿಗಿಂತ ಎರಡು ಮೀಟರ್ ಆಚೆ. ಇಷ್ಟು ಹೊತ್ತು ಅದು ಏತದ ಹಿಂಬದಿಯ ಹಾಗೆ ಮುಂಭಾಗವನ್ನು ಎತ್ತಿ ಹಿಡಿದಿತ್ತು. ಅದು ಹೋದ ತಕ್ಷಣ ಕಿಂಗ್ ಪಿನ್ ಮೇಲೆ 2.2 ಟನ್ ಜಾಸ್ತಿ ಕೂರುತ್ತದೆ. ಡ್ರೈವ್ 10.25ರಿಂದ 12.1ಕ್ಕೆ ಏರುತ್ತದೆ. ಒಟ್ಟು ತೂಕ 31 ಟನ್‌ಗೂ ಕಡಿಮೆ, ಟ್ರೇಲರ್ ಆಕ್ಸಲ್‌ಗಳ ಮೇಲೆ ಬರೀ 11.5. ಆದರೂ ಡ್ರೈವ್‌ನಲ್ಲಿ ದಂಡ.

ಮದ್ದು ಚಿಕ್ಕದು. ಮುಂದಿನ ಸಾಲಿನಿಂದ ಒಂದು ಪ್ಯಾಲೆಟ್ ತೆಗೆದು ಖಾಲಿಯಾದ ಹಿಂಭಾಗಕ್ಕೆ, ಸುಮಾರು 9 ಮೀಟರ್ ಸರಿಸಿದರೆ ಕಿಂಗ್ ಪಿನ್‌ನಿಂದ 0.9 ಟನ್ ಇಳಿಯುತ್ತದೆ, ಡ್ರೈವ್ 11.4ಕ್ಕೆ ಬರುತ್ತದೆ. ಎರಡು ಸರಿಸಿದರೆ ನಿಶ್ಚಿಂತೆ. ಆದರೆ ಮುಂದಿನ ಸಾಲಿಗೆ ಕೈ ಹೋಗಬೇಕಲ್ಲ! ಪ್ಯಾಲೆಟ್ ಜ್ಯಾಕ್ ಗಾಡಿಯಲ್ಲೇ ಇರಬೇಕು. ಅದಕ್ಕಿಂತ ಒಳ್ಳೆಯದು, ಒಂದಕ್ಕಿಂತ ಹೆಚ್ಚು ಕಡೆ ಇಳಿಸುವುದಿದ್ದರೆ ಹೊರಡುವ ಮುಂಚೆಯೇ ಪ್ರತಿ ನಿಲುಗಡೆಯ ನಂತರದ ಲೆಕ್ಕ ಹಾಕಿ, ಮುಂಭಾಗಕ್ಕೆ ಹಗುರ ಸಾಮಾನು ಇಡುವುದು.

ಒಂದೇ ದೊಡ್ಡ ಮೆಷಿನ್ ಅಥವಾ ಸ್ಟೀಲ್ ಕಾಯಿಲ್ ಇದ್ದರೆ?

ಕಾಯಿಲ್ ಸುಲಭ, ಅದರ ನಡು ಕಣ್ಣಿಗೆ ಕಾಣುತ್ತದೆ, ಗೆರೆಗಳ ನಡುವೆ ಕೂರಿಸಿ. ಆದರೆ ಇಡೀ ತೂಕ ಒಂದೂವರೆ ಮೀಟರ್ ಒಳಗೆ ಬೀಳುವುದರಿಂದ ನೆಲ ಮತ್ತು ಚಾಸಿ ಅಷ್ಟನ್ನು ತಡೆಯುತ್ತವೆಯೇ ಎಂದು ಟ್ರೇಲರ್ ಕಂಪನಿಯ ಕೋಷ್ಟಕ ನೋಡಿ.

ಮೆಷಿನ್‌ನ ಭಾರದ ನಡು ಅದರ ಉದ್ದದ ನಡುವಿನಲ್ಲಿ ಇರುವುದು ಅಪರೂಪ. ಎಂಜಿನ್, ಗೇರ್‌ಬಾಕ್ಸ್ ಇರುವ ತುದಿಗೆ ಎಳೆದಿರುತ್ತದೆ. ಒಂದು ತುದಿಯ ಆಧಾರ ಮಾತ್ರ ಕಾಟಾದ ಮೇಲೆ, ಇನ್ನೊಂದು ಅದೇ ಮಟ್ಟದ ನೆಲದ ಮೇಲೆ ಬರುವಂತೆ ಇಟ್ಟು ತೂಗಿ, ಆಮೇಲೆ ಅದಲುಬದಲು ಮಾಡಿ. 6 ಮೀಟರ್ ಅಂತರದ ಆಧಾರಗಳಲ್ಲಿ ಒಂದು 12, ಇನ್ನೊಂದು 6 ಟನ್ ತೋರಿಸಿದರೆ ಭಾರದ ನಡು ಭಾರದ ತುದಿಯಿಂದ 2 ಮೀಟರ್. ಉದ್ದದ ನಡುವೆಂದು 3 ಹಿಡಿದಿದ್ದರೆ ಮಾದರಿ ಗಾಡಿಯಲ್ಲಿ 2.3 ಟನ್ ತಪ್ಪು ಆಕ್ಸಲ್‌ಗೆ ಹೋಗುತ್ತಿತ್ತು.

ಸೀಲ್ ಆದ ಕಂಟೇನರ್ ಒಳಗೆ ಏನು ಎಲ್ಲಿದೆ ಅಂತ ನಮಗೇನು ಗೊತ್ತು?

ಹಡಗಿಗೆ ಹೋಗುವ ಪ್ರತಿ ತುಂಬಿದ ಕಂಟೇನರ್‌ಗೂ 2016ರ ಜುಲೈ 1ರಿಂದ ದೃಢೀಕರಿಸಿದ ಒಟ್ಟು ತೂಕ ಕೊಡುವುದು ಕಡ್ಡಾಯ. ಆದರೆ ಆ ಕಾಗದ ತೂಕ ಎಷ್ಟೆಂದು ಹೇಳುತ್ತದೆ, ಎಲ್ಲಿದೆ ಎಂದು ಹೇಳುವುದಿಲ್ಲ. ಕಂಟೇನರ್ ಕೂರಿಸಿದ ಮೇಲೆ, ಯಾರ್ಡ್ ಬಿಡುವ ಮುಂಚೆಯೇ ಆಕ್ಸಲ್ ತೂಕ ತೆಗೆಯಿರಿ. ಅಲ್ಲೇ ಕ್ರೇನ್ ಇರುವಾಗ ಬಾಗಿಲಿನ ದಿಕ್ಕು ತಿರುಗಿಸಿ ಕೂರಿಸುವುದು ಹತ್ತು ನಿಮಿಷದ ಕೆಲಸ. ಭಾರವಾದ ಒಂಟಿ 20 ಅಡಿ ಕಂಟೇನರ್ ಅನ್ನು 40 ಅಡಿ ಟ್ರೇಲರ್‌ನ ಮುಂದಿನ ಲಾಕ್‌ಗೆ (ಕಂಟೇನರ್ ಮೂಲೆ ಹಿಡಿಯುವ ಕೊಂಡಿ) ಹಾಕಿದರೆ ಡ್ರೈವ್ ಮಿತಿ ಮೀರಿತು ಅಂತಲೇ. ನಡುವಿನ ಲಾಕ್ ಇದ್ದರೆ ಅಲ್ಲಿ ಹಾಕಿ.

ಮರಳು, ಧಾನ್ಯ, ಟ್ಯಾಂಕರ್‌ಗೂ ಇದೇ ಲೆಕ್ಕಾನಾ?

ಲೆಕ್ಕ ಅದೇ, ತೂಕ ಮಾತ್ರ ಜಾರುತ್ತದೆ. ಒಣ ಮರಳು ಘನ ಮೀಟರ್‌ಗೆ ಸುಮಾರು 1.6 ಟನ್, ಒದ್ದೆಯಾದರೆ 1.9ರ ಆಚೀಚೆ. ನಿನ್ನೆಯ ಗೆರೆಗೆ ಇವತ್ತೂ ತುಂಬಿದರೆ ಮಳೆಯ ತೂಕವನ್ನೂ ಹೊರುತ್ತೀರಿ. ಅರ್ಧ ತುಂಬಿದ ಟ್ಯಾಂಕರ್‌ನಲ್ಲಿ ದ್ರವ ಮುಂದಕ್ಕೆ ಹಿಂದಕ್ಕೆ ಹೊಯ್ದಾಡುತ್ತದೆ. ಕೋಣೆಗಳಿರುವ ಟ್ಯಾಂಕರ್‌ನಲ್ಲಿ ಹಿಂದಿನ ಕೋಣೆ ಮೊದಲು ಖಾಲಿ ಮಾಡಿದರೆ ಪ್ಯಾಲೆಟ್‌ನ ಕಥೆಯೇ ಮತ್ತೆ.

## ಗಾಡಿಯನ್ನೇ ಹೊಂದಿಸುವುದು

ಫಿಫ್ತ್ ವೀಲ್ ಹಿಂದೆ ಮುಂದೆ ಸರಿಸಿದರೆ ಎಷ್ಟು ತೂಕ ಬದಲಾಗುತ್ತೆ?

ಕಿಂಗ್ ಪಿನ್ ಮೇಲಿನ ಭಾರವನ್ನು ಸರಿಸಿದ ದೂರದಿಂದ ಗುಣಿಸಿ, ವೀಲ್‌ಬೇಸ್‌ನಿಂದ ಭಾಗಿಸಿ. 10 ಟನ್ ಕೂತಿದ್ದು 5 ಸೆಂಟಿಮೀಟರ್ ಮುಂದೆ ಸರಿಸಿದರೆ ಸುಮಾರು 140 ಕೆ.ಜಿ. ಡ್ರೈವ್‌ನಿಂದ ಸ್ಟೀರಿಂಗ್‌ಗೆ ಹೋಗುತ್ತದೆ. ಟ್ರೇಲರ್ ಆಕ್ಸಲ್‌ಗಳ ತೂಕಕ್ಕೆ ಇದರಿಂದ ಏನೂ ಆಗುವುದಿಲ್ಲ. ಮುಂದೆ ಸರಿಸುವಾಗ ತಿರುವಿನಲ್ಲಿ ಟ್ರೇಲರ್‌ನ ಮೂಲೆ ಕ್ಯಾಬಿನ್‌ಗೆ ತಾಗದಷ್ಟು ಜಾಗ ಇದೆಯೇ ನೋಡಿ.

ಸರಿಯುವ ಹಿಂದಿನ ಆಕ್ಸಲ್ ಇದೆ. ಯಾವ ಕಡೆ ಸರಿಸಬೇಕು ಅನ್ನೋದೇ ಗೊಂದಲ.

ಆಕ್ಸಲ್ ಮುಂದಕ್ಕೆ ಬಂದರೆ ಸಾಮಾನಿನ ಕೆಳಗೆ ಬರುತ್ತದೆ, ಹಾಗಾಗಿ ಜಾಸ್ತಿ ಹೊರುತ್ತದೆ, ಡ್ರೈವ್ ಹಗುರಾಗುತ್ತದೆ. ಹಿಂದಕ್ಕೆ ಹೋದರೆ ಡ್ರೈವ್ ಭಾರ. ಡ್ರೈವ್ ಜಾಸ್ತಿ ಇದ್ದರೆ ಮುಂದಕ್ಕೆ ತನ್ನಿ ಅಂತ ನೆನಪಿಟ್ಟುಕೊಳ್ಳಿ. ಹಿಂದಿನ ಗುಂಪಿನ ಮೇಲೆ 15 ಟನ್, ಕಿಂಗ್ ಪಿನ್‌ನಿಂದ 11 ಮೀಟರ್ ದೂರ ಇದ್ದಾಗ 15 ಸೆಂಟಿಮೀಟರ್ ಅಂತರದ ಒಂದು ತೂತಿಗೆ ಸುಮಾರು 200 ಕೆ.ಜಿ. ಬದಲಾಗುತ್ತದೆ.

ಟ್ರೇಲರ್ ಬ್ರೇಕ್ ಹಿಡಿದು, ಪಿನ್ ಎಳೆದು, ಹಾರ್ಸ್ ಅನ್ನು ನಿಧಾನ ಚಲಿಸಬೇಕು. ಆಮೇಲೆ ಕೆಳಗಿಳಿದು ನಾಲ್ಕೂ ಪಿನ್ ಮತ್ತೆ ತೂತಿನೊಳಗೆ ಪೂರ್ತಿ ಕೂತು ಆಚೆ ತುದಿ ಕಾಣುತ್ತಿದೆಯೇ ಕಣ್ಣಾರೆ ನೋಡಿ, ಬ್ರೇಕ್ ಹಿಡಿದೇ ಒಮ್ಮೆ ಜಗ್ಗಿ. ಅರ್ಧ ಕೂತ ಪಿನ್ ಮೊದಲ ಜೋರು ಬ್ರೇಕ್‌ಗೆ ಹಾರಿ ಆಕ್ಸಲ್ ಗುಂಪೇ ಜಾರುತ್ತದೆ. ಕೆಲವು ಕಡೆ ಹಿಂದಕ್ಕೆ ಎಷ್ಟು ಸರಿಸಬಹುದೆಂಬ ಮಿತಿಯೂ ಇದೆ: ಕ್ಯಾಲಿಫೋರ್ನಿಯಾದಲ್ಲಿ ಎರಡು ಆಕ್ಸಲ್‌ನ ಟ್ರೇಲರ್‌ಗೆ ಕಿಂಗ್ ಪಿನ್‌ನಿಂದ ಕೊನೆಯ ಆಕ್ಸಲ್‌ಗೆ 40 ಅಡಿ.

ಲಿಫ್ಟ್ ಆಕ್ಸಲ್ ಎತ್ತಿಕೊಂಡು ಓಡಿಸಿದ್ರೆ ಟೈರ್ ಉಳಿಯುತ್ತೆ. ಲೋಡ್ ಇದ್ದಾಗ್ಲೂ ಎತ್ತಬಹುದಾ?

ಎತ್ತಿದ ಆಕ್ಸಲ್ ಲೆಕ್ಕಕ್ಕಿಲ್ಲ. ಮೂರು ಆಕ್ಸಲ್‌ನ ಗುಂಪು ಎರಡರದ್ದಾಗುತ್ತದೆ, ಮಿತಿಯೂ ಅಷ್ಟಕ್ಕೇ ಇಳಿಯುತ್ತದೆ. ಗುಂಪಿನ ನಡುಬಿಂದುವೂ ಸರಿಯುತ್ತದೆ: ಮುಂದಿನದನ್ನು ಎತ್ತಿದರೆ ಹಿಂದಕ್ಕೆ ಹೋಗಿ ಡ್ರೈವ್ ಮೇಲೆ ಭಾರ ಏರುತ್ತದೆ. ಖಾಲಿ ಇದ್ದಾಗ ಎತ್ತಿ, ಲೋಡ್ ಹಾಕುವ ಮುಂಚೆ ಇಳಿಸಿ.

ಒಂದೇ ಗುಂಪಿನ ಎರಡು ಆಕ್ಸಲ್‌ನಲ್ಲಿ ಒಂದು ಟನ್ ವ್ಯತ್ಯಾಸ ಬರ್ತಿದೆ. ಸಾಮಾನು ಸರಿಸಿದ್ರೂ ಹೋಗ್ತಿಲ್ಲ.

ಹೋಗುವುದಿಲ್ಲ, ಅದು ಗಾಡಿಯ ದೋಷ. ಮೊದಲು ಟ್ರೇಲರ್ ನೆಲಕ್ಕೆ ಸಮನಾಗಿ ನಿಂತಿದೆಯೇ ಪಕ್ಕದಿಂದ ನೋಡಿ. ಫಿಫ್ತ್ ವೀಲ್ ಎತ್ತರ ಜಾಸ್ತಿಯಾಗಿ ಟ್ರೇಲರ್ ಮೂಗೆತ್ತಿ ನಿಂತರೆ ಪಟ್ಟಿ ಸಸ್ಪೆನ್ಷನ್‌ನಲ್ಲಿ ಹಿಂದಿನ ಆಕ್ಸಲ್ ಭಾರ ಹೊರುತ್ತದೆ. ಹಾರ್ಸ್ ಬದಲಾಯಿಸಿದ ಮೇಲೆ ಶುರುವಾಗಿದ್ದರೆ ಕಾರಣ ಇದೇ ಇರಬಹುದು. ಆಮೇಲೆ ಎರಡು ಪಟ್ಟಿಗಳ ನಡುವೆ ತೂಕ ಹಂಚುವ ತೊಟ್ಟಿಲು ತುಕ್ಕು ಹಿಡಿದು ಸೆಟೆದಿದೆಯೇ, ಅದರ ಬುಷ್ ಸವೆದಿದೆಯೇ, ಒಂದು ಕಡೆಯ ಪಟ್ಟಿ ಮುರಿದಿದೆಯೇ ನೋಡಿ. ಏರ್ ಸಸ್ಪೆನ್ಷನ್ ಆದರೆ ಹೈಟ್ ವಾಲ್ವ್ (ಗಾಡಿಯ ಎತ್ತರ ಕಾಯುವ ಗಾಳಿ ವಾಲ್ವ್) ಮತ್ತು ಬೆಲೋಗಳ ನಡುವಿನ ಪೈಪ್ ನೋಡಿ. ಎಡ ಬಲದ ವ್ಯತ್ಯಾಸವಾದರೆ ಮಾತ್ರ ಸಾಮಾನು ಒಂದು ಪಕ್ಕಕ್ಕೆ ವಾಲಿದೆಯೇ ಎಂದು ಹುಡುಕಿ.

ಲೋಡ್ ಆಗಿ ಕಾಟಾಗೆ ಬಂದ ಮೇಲೆ ಡ್ರೈವ್‌ನಲ್ಲಿ 400 ಕೆ.ಜಿ. ಜಾಸ್ತಿ ಕಂಡಿತು. ಈಗೇನು ಮಾಡ್ಲಿ?

ಲೋಡಿಂಗ್ ಜಾಗದ ಕಾಟಾದಲ್ಲೇ ಕಂಡಿದ್ದರೆ ಅದೃಷ್ಟ, ರಸ್ತೆಗೆ ಇಳಿಯಬೇಡಿ. ಮೊದಲು ಸ್ಟೀರಿಂಗ್‌ನಲ್ಲಿ ಜಾಗ ಇದೆಯೇ ನೋಡಿ. ಇದ್ದು, ಫಿಫ್ತ್ ವೀಲ್ ಸರಿಯುವಂತಿದ್ದರೆ ಸಾಮಾನು ಮುಟ್ಟದೆಯೇ ಮುಗಿಯಬಹುದು.

ಇಲ್ಲದಿದ್ದರೆ ಸಾಮಾನು ಸರಿಸಬೇಕು, ಎಷ್ಟೆಂದು ಲೆಕ್ಕ ಹಾಕಿಯೇ ಸರಿಸಿ. ಡ್ರೈವ್‌ನಿಂದ 400 ಕೆ.ಜಿ. ಇಳಿಯಬೇಕಾದರೆ ಕಿಂಗ್ ಪಿನ್‌ನಿಂದ 480 ಇಳಿಯಬೇಕು, ಯಾಕೆಂದರೆ ಅದರ ಆರರಲ್ಲಿ ಐದು ಪಾಲು ಮಾತ್ರ ಡ್ರೈವ್‌ನದು. 0.48 ಟನ್ ಗುಣಿಸು 7.7 ಅಂದರೆ 3.7 ಟನ್-ಮೀಟರ್. ತಲಾ 750 ಕೆ.ಜಿ.ಯ ಎರಡು ಪ್ಯಾಲೆಟ್‌ಗಳನ್ನು ಎರಡೂವರೆ ಮೀಟರ್ ಹಿಂದೆ ಇಟ್ಟರೆ 3.75, ಮಿತಿಗೆ ಸರಿಯಾಗಿ ಬಂತು. ಮೂರು ಮೀಟರ್ ಸರಿಸಿದರೆ ಸ್ವಲ್ಪ ಕೈಯಲ್ಲಿ ಉಳಿಯುತ್ತದೆ. ಡ್ರೈವ್‌ನಿಂದ ಹೋದದ್ದು ಟ್ರೇಲರ್ ಆಕ್ಸಲ್‌ಗೆ ಸೇರುತ್ತದೆ, ಹಾಗಾಗಿ ಮತ್ತೆ ತೂಗುವಾಗ ಅದನ್ನೂ ಬರೆಸಿ. ಬಿಚ್ಚಿದ ಬೆಲ್ಟ್‌ಗಳನ್ನು ಕಟ್ಟಿ, ಎರಡು ಪ್ಯಾಲೆಟ್ ಬಿಟ್ಟು ಬಂದ ತೂತಿಗೆ ಅಡೆ ಕೊಟ್ಟು, ಆಮೇಲೆ ಕಾಟಾಗೆ ಹೋಗಿ.